ಬೈದದ್ದು ತಾನೇ, ಹೊಡೆದಿಲ್ಲವಲ್ಲ?



ಈ ಮಾತನ್ನು ಕೇಳದವರು ನಮ್ಮಲ್ಲಿ ಯಾರಿದ್ದೇವೆ? ಮನೆಯ ಜಗಲಿಯಲ್ಲಿ ಹಿರಿಯರು ಪಂಚಾಯ್ತಿಗೆ ಕೂತಾಗ ಕೇಳಿದ್ದೇವೆ. ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೇಳಿದ್ದೇವೆ. ಗಂಡನ ಮನೆಯಿಂದ ಅಳುತ್ತಾ ಬಂದ ಮಗಳಿಗೆ ಹೆತ್ತ ತಾಯಿಯೇ ಹೇಳಿದ್ದನ್ನೂ ಕೇಳಿದ್ದೇವೆ. "ಎಂತ ಆಯ್ತೀಗ? ಬೈದದ್ದು ತಾನೇ, ಹೊಡೆದಿಲ್ಲವಲ್ಲ." ಹೊಡೆದರೆ ಬಾಸುಂಡೆ ತೋರಿಸಬಹುದು, ಡಾಕ್ಟರ ಚೀಟಿ ತರಬಹುದು. ಬೈದರೆ ತೋರಿಸುವುದು ಏನನ್ನು? ಬೈಗುಳವೇನು ಮೈಗೆ ಅಂಟುತ್ತದೆಯೇ? ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡು ಎಂದು ಬುದ್ಧಿ ಹೇಳಿ, ಸಂಜೆ ಬಸ್ಸಿಗೆ ಹತ್ತಿಸಿ ಕಳಿಸುತ್ತಾರೆ.

ಬೈಗುಳ ಅಂಟುತ್ತದೆ. ಯಾಕೆ ಅಂಟುತ್ತದೆ, ಎಲ್ಲಿ ಅಂಟುತ್ತದೆ, ಅದನ್ನು ಅಂಟಿಸುವವರಿಗೆ ಅದರಿಂದ ಏನು ಲಾಭ ಎಂಬುದನ್ನು ನಾವು ಕೂತು ಬಿಡಿಸಿ ನೋಡಬೇಕು. ಅದಕ್ಕಾಗಿ ಈ ಬರಹದಲ್ಲಿ ಬೈಗುಳಗಳನ್ನು ಚುಕ್ಕಿ ಹಾಕಿ ಮುಚ್ಚಿಲ್ಲ. ದಿನವೂ ಅಡಿಗೆಮನೆಯಲ್ಲಿ ನಿಂತು ಕೇಳಬಹುದಾದ ಶಬ್ದವನ್ನು ಒಮ್ಮೆ ಅಚ್ಚಿನಲ್ಲಿ ಓದಿದರೆ ಯಾರ ಮಾನವೂ ಹೋಗುವುದಿಲ್ಲ.

ಮೊದಲನೆಯದಾಗಿ, ಶಬ್ದ ಹೊಲಸಾಗಿರುವುದರಿಂದ ಬೈಗುಳ ನೋಯಿಸುತ್ತದೆ ಎಂಬ ಮಾತನ್ನು ಪಕ್ಕಕ್ಕಿಡೋಣ. "ನನ್ನ ಮಗನೇ" ಎನ್ನುವುದರಲ್ಲಿ ಯಾವ ಹೊಲಸಿದೆ? ತಾಯಿ ಅಂದರೆ ಮುದ್ದು. ಅದನ್ನೇ ಒಬ್ಬ ಗಂಡಸು ಇನ್ನೊಬ್ಬನಿಗೆ ರಸ್ತೆಯಲ್ಲಿ ಅಂದರೆ ಕತ್ತಿ ಹಿರಿಯುವ ಜಗಳ. ಎರಡೂ ಒಂದೇ ಶಬ್ದ, ಒಂದೇ ವ್ಯಾಕರಣ. ಆದರೆ ಎರಡನೆಯವನು ಹೇಳುತ್ತಿರುವುದು, ನಿನ್ನ ತಾಯಿಯನ್ನು ನಾನು ಕೂಡಿದ್ದೇನೆ ಎಂದು. "ನಿನ್ನಮ್ಮನ್..." ಎಂದು ಅರ್ಧಕ್ಕೇ ನಿಲ್ಲಿಸುವ ಬೈಗುಳವನ್ನೂ ನೋಡಿ. ಅದರಲ್ಲಿ ಅಮ್ಮ ಬಿಟ್ಟರೆ ಬೇರೆ ಶಬ್ದವೇ ಇಲ್ಲ. ಕ್ರಿಯಾಪದವನ್ನು ಬಾಯಿ ಬಿಟ್ಟು ಹೇಳುವುದೂ ಬೇಡ, ಕೇಳಿದವರೆಲ್ಲ ಮನಸ್ಸಿನಲ್ಲೇ ತುಂಬಿಕೊಳ್ಳುತ್ತಾರೆ. ಜಗಳ ಇಬ್ಬರು ಗಂಡಸರದ್ದು, ಗದ್ದೆಯ ಬದುವಿನದೋ ನೀರಿನ ಸರದಿಯದೋ. ಅಲ್ಲಿ ಇಲ್ಲದೇ ಇರುವ, ಮನೆಯಲ್ಲಿ ದನಕ್ಕೆ ಹುಲ್ಲು ಹಾಕುತ್ತಿರುವ ಒಬ್ಬ ಮುದುಕಿಯ ಮೈಮೇಲೆ ಅದು ನಡೆಯುತ್ತದೆ. ಬದು ಒತ್ತುವರಿ ಮಾಡುವುದೂ ತಾಯಿಯನ್ನು ಬೈಯುವುದೂ ಅವರಿಗೆ ಒಂದೇ ಲೆಕ್ಕ. ಎರಡೂ ಎದುರಿನವನ ಆಸ್ತಿ.

ಈಗ ನಮ್ಮ ಮನೆಯೊಳಗಿನ ಬೈಗುಳಕ್ಕೆ ಬರೋಣ. ಹಟ ಮಾಡುವ ಮಗುವನ್ನು ಕತ್ತೆ ಎನ್ನುತ್ತೇವೆ, ಕೋತಿ ಎನ್ನುತ್ತೇವೆ. ಮಗು ನಗುತ್ತದೆ. ಕತ್ತೆ ಎಂದು ಕರೆಸಿಕೊಂಡವರನ್ನು ಊರು ಹಿಡಿದು ಅಗಸನ ಮನೆಗೆ ಕಟ್ಟುವುದಿಲ್ಲ ಎಂದು ಅದಕ್ಕೂ ಗೊತ್ತು. ಆದರೆ "ಮುಂಡೆ" ಎಂದಾಗ? "ಬೋಳಿ" ಎಂದಾಗ? ಈ ಶಬ್ದಗಳ ಹಿಂದೆ ನಿಜವಾಗಿ ನಡೆದ, ನಮ್ಮದೇ ಮಲೆನಾಡಿನ ಮನೆಗಳಲ್ಲಿ ನಡೆದ ಒಂದು ಶಿಕ್ಷೆ ಇದೆ.

ಮುಂಡ ಎಂದರೆ ಸಂಸ್ಕೃತದಲ್ಲಿ ಬೋಳಾದದ್ದು. ಮುಂಡೆ ಎಂದರೆ ತಲೆ ಬೋಳಿಸಿದವಳು. ಬೋಳಿ ಎಂಬುದು ಅದರ ನೇರ ಕನ್ನಡ. ರಂಡೆ ಎಂಬುದಕ್ಕೂ ಮೂಲದಲ್ಲಿ ಗಂಡ ಸತ್ತವಳು ಎಂದೇ ಅರ್ಥ. ಮೂರೂ ಬೈಗುಳಗಳು ಒಬ್ಬಳೇ ಹೆಂಗಸಿನ ಹೆಸರುಗಳು. ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ ಕಡೆಯ ಬ್ರಾಹ್ಮಣ ಮನೆಗಳಲ್ಲಿ ಆಕೆ ಇದ್ದಳು. ಕೆಂಪು ಸೀರೆ, ಸೆರಗಿನಲ್ಲಿ ಮುಚ್ಚಿದ ಬೋಳುತಲೆ, ಒಪ್ಪೊತ್ತಿನ ಊಟ. ಕ್ಷೌರದವನು ಗಂಡಸರಿಗೆ ಎದುರಿನ ಅಂಗಳಕ್ಕೆ ಬರುತ್ತಿದ್ದ, ಆಕೆಗೆ ಹಿತ್ತಿಲಿಗೆ. ಶುಭಕಾರ್ಯಕ್ಕೆ ಹೊರಡುವಾಗ ಎದುರು ಬರಬಾರದು. ದುಡಿಯುವುದಕ್ಕೆ ಮಾತ್ರ ಹೊತ್ತುಗೊತ್ತಿಲ್ಲ. ಬೆಳಗಿನ ಬಚ್ಚಲ ಒಲೆಯಿಂದ ರಾತ್ರಿಯ ಬಾಣಂತಿ ಆರೈಕೆಯವರೆಗೆ ಎಲ್ಲ ಅವಳದೇ. ಎಂ.ಕೆ. ಇಂದಿರಾ ಅವರು 1976ರಲ್ಲಿ ಬರೆದ 'ಫಣಿಯಮ್ಮ' ಕಾದಂಬರಿ ಇಂಥ ಒಬ್ಬ ಅಜ್ಜಿಯ ನಿಜವಾದ ಬದುಕು. ಪ್ರೇಮಾ ಕಾರಂತರು 1983ರಲ್ಲಿ ಅದನ್ನು ಸಿನಿಮಾ ಮಾಡಿದರು. ಅದರಲ್ಲಿ ದಾಕ್ಷಾಯಿಣಿ ಎಂಬ ಎಳೆಯ ವಿಧವೆ ತಲೆ ಕೊಡುವುದಿಲ್ಲ ಎಂದು ಹಟ ಹಿಡಿಯುತ್ತಾಳೆ. ಅವಳ ಪರವಾಗಿ ನಿಲ್ಲುವವಳು ಬೇರೆ ಯಾರೂ ಅಲ್ಲ, ಬದುಕಿಡೀ ಬೋಳುತಲೆ ಹೊತ್ತ ಫಣಿಯಮ್ಮನೇ. ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ದಲ್ಲಿ ಬಸಿರಾದ ವಿಧವೆಗೆ ಬದುಕಿರುವಾಗಲೇ ಶ್ರಾದ್ಧ ಮಾಡಿ, ತಲೆ ಬೋಳಿಸಿ ಹೊರಗೆ ಹಾಕುತ್ತಾರೆ. ಬಸಿರು ಮಾಡಿದವನ ಒಂದು ಕೂದಲೂ ಉದುರುವುದಿಲ್ಲ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಆ ಹಿತ್ತಿಲಿನಲ್ಲಿ ಕೂತವಳ ಹೆಸರು ಬೈಗುಳವಾಯಿತು. ಅವಳ ತಲೆ ಬೋಳಿಸಲು ಬಂದವನ ಹೆಸರೂ ಬೈಗುಳವಾಯಿತು. ಹಜಾಮ ಎಂಬ ಶಬ್ದವನ್ನು ಬೈಯಲು ಬಳಸಬೇಡಿ ಎಂದು ಸವಿತಾ ಸಮಾಜದವರು ಕೇಳುತ್ತಲೇ ಬಂದಿದ್ದಾರೆ. ಆದರೆ ಬೋಳಿಸು ಎಂದು ಅಪ್ಪಣೆ ಕೊಟ್ಟವರು? ಜಗಲಿಯಲ್ಲಿ ಕೂತು ಶಾಸ್ತ್ರ ಹೇಳಿದವರು, ಅವಳ ಪಾಲಿನ ತೋಟವನ್ನು ಅನುಭವಿಸಿದ ಮೈದುನ, ಭಾವ? ಅವರ ಹೆಸರಿನಲ್ಲಿ ಕನ್ನಡದಲ್ಲಿ ಒಂದಾದರೂ ಬೈಗುಳ ಹುಟ್ಟಿದೆಯೇ? ಬೈಗುಳ ಹುಟ್ಟುವುದು ತಪ್ಪು ಮಾಡಿದವರ ಮೇಲಲ್ಲ. ಕೈಗೆ ಸಿಕ್ಕವರ ಮೇಲೆ.

ಗಾದೆಯನ್ನೂ ನೋಡಿ. "ಮುಂಡೆ ಮದುವೆಯಲ್ಲಿ ಉಂಡವನೇ ಜಾಣ." ಯಾರೂ ಹೇಳಿಕೇಳುವವರಿಲ್ಲದ ಕಡೆ ಸಿಕ್ಕಿದ್ದನ್ನು ಬಾಚಿಕೊಳ್ಳುವವನೇ ಬುದ್ಧಿವಂತ ಎಂದು ಇದರ ತಾತ್ಪರ್ಯ. ಸರಕಾರಿ ಕಾಮಗಾರಿಯ ದುಡ್ಡು ತಿಂದವರ ಬಗ್ಗೆ ಮಾತಾಡುವಾಗ ಭಾಷಣಗಳಲ್ಲೂ ಇದನ್ನು ಆಡುತ್ತಾರೆ, ಜನ ನಗುತ್ತಾರೆ. ಅಂದರೆ ಗಂಡ ಸತ್ತ ಹೆಂಗಸು ಮತ್ತೆ ಮದುವೆಯಾಗುವುದು ಲೂಟಿಗೆ ಉಪಮಾನ! ಅದೇ ಹೆಂಡತಿ ಸತ್ತ ಗಂಡಸಿಗೆ ವಿಧುರ ಎಂಬ ಮರ್ಯಾದೆಯ ಶಬ್ದವಿದೆ. ವರ್ಷ ತುಂಬುವುದರೊಳಗೆ ಅವನು ಮತ್ತೆ ಮದುಮಗ. "ಏ ವಿಧುರ" ಎಂದೋ "ವಿಧುರನ ಮಗನೇ" ಎಂದೋ ಬೀದಿ ಜಗಳದಲ್ಲಿ ಯಾರಾದರೂ ಬೈದದ್ದುಂಟೇ? ನೀವೇ ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ, ನಗು ಬರುತ್ತದೆ.

ನಗು ಬರುವ ಇನ್ನೊಂದು ಸಂಗತಿ ಇದೆ. ಗಂಡನೇ ಹೆಂಡತಿಯನ್ನು ಮುಂಡೆ ಎನ್ನುತ್ತಾನೆ. ಅರ್ಥ ನೋಡಿದರೆ ಅವನು ತಾನು ಸತ್ತೆ ಎಂದು ಸಾರುತ್ತಿದ್ದಾನೆ! ಆದರೂ ಆ ಶಬ್ದ ನಾಟುತ್ತದೆ. ಯಾಕೆಂದರೆ ಅವನು ಹೇಳುತ್ತಿರುವುದು ಅರ್ಥವನ್ನಲ್ಲ, ಜಾಗವನ್ನು. ನನ್ನನ್ನು ಬಿಟ್ಟರೆ ನಿನ್ನ ಜಾಗ ಯಾವುದು ಗೊತ್ತಲ್ಲ, ಆ ಹಿತ್ತಿಲು. ನಿನ್ನ ಹಣೆಯ ಕುಂಕುಮ, ಕೈಯ ಬಳೆ, ಮನೆಯೊಳಗಿನ ಓಡಾಟ ಎಲ್ಲ ನನ್ನ ಉಸಿರಿನ ಮೇಲೆ ನಿಂತಿದೆ. ಬೇಕೆಂದರೆ ಈಗಲೇ ಕಿತ್ತುಕೊಳ್ಳಬಲ್ಲೆ. ಇದನ್ನೆಲ್ಲ ಎರಡೇ ಅಕ್ಷರದಲ್ಲಿ ಹೇಳಿ ಮುಗಿಸುತ್ತಾನೆ. ತಲೆ ಬೋಳಿಸುವ ಪದ್ಧತಿ ಈಗ ಹೋಗಿದೆ, ನಿಜ. ಗಂಡನಿಲ್ಲದವಳನ್ನು ಪಕ್ಕಕ್ಕೆ ಸರಿಸುವುದು ಹೋಗಿಲ್ಲ. ಅದು ಇರುವವರೆಗೆ ಮುಂಡೆ ಎಂಬುದು ಬೈಗುಳವಲ್ಲ, ಬೆದರಿಕೆ. ಬೆದರಿಕೆ ನಿಜವಾಗಿದ್ದರೆ ತಾನೇ ಹೆದರಿಕೆ ಆಗುವುದು?

ವರದಕ್ಷಿಣೆಯ ಮನೆಗಳಲ್ಲಿ ಬೈಗುಳ ಮಾಡುವ ಕೆಲಸವೂ ಇದೇ. ಮದುವೆಯಾಗಿ ಮೂರು ತಿಂಗಳಿಗೆ "ನಿಮ್ಮಪ್ಪ ಏನು ಕೊಟ್ಟು ಕಳಿಸಿದ" ಎಂದು ಶುರುವಾಗುತ್ತದೆ. ಆಮೇಲೆ ದರಿದ್ರದವಳು, ಬರಿಗೈಯವಳು. ವರ್ಷ ಕಳೆದು ಮಗುವಾಗದಿದ್ದರೆ ಬಂಜೆ, ಗೊಡ್ಡು. ಗೊಡ್ಡು ಎನ್ನುವುದು ಹಾಲು ಕೊಡದ ದನಕ್ಕೆ ಹೇಳುವ ಮಾತು, ಅದನ್ನು ಸೊಸೆಗೆ ಹೇಳುವವರ ಲೆಕ್ಕಾಚಾರ ಅಲ್ಲೇ ಬಯಲಾಗುತ್ತದೆ. ಮಗನನ್ನು ಒಮ್ಮೆ ಡಾಕ್ಟರ ಹತ್ತಿರ ಪರೀಕ್ಷೆಗೆ ಕರೆದುಕೊಂಡು ಹೋಗಿ ಎಂದರೆ ಮನೆಯೇ ಮೇಲೆ ಬೀಳುತ್ತದೆ. ಕೊನೆಗೆ, ಅವಳು ಎದುರು ಮಾತಾಡಿದ ದಿನ, ಹಾದರಗಿತ್ತಿ ಎಂಬ ಶಬ್ದ ಹೊರಗೆ ಬರುತ್ತದೆ.

ಆ ಕೊನೆಯ ಶಬ್ದಕ್ಕಾಗಿ ಕಿವಿಗೊಟ್ಟು ಕೇಳಿ. ಅದನ್ನು ಅವಳಿಗಾಗಿ ಹೇಳುವುದಿಲ್ಲ, ಅಕ್ಕಪಕ್ಕದವರಿಗಾಗಿ ಹೇಳುತ್ತಾರೆ. ನಾಳೆ ಅವಳು ಬಾವಿಯಲ್ಲಿ ಸಿಕ್ಕರೆ, ಸುಟ್ಟುಕೊಂಡು ಆಸ್ಪತ್ರೆ ಸೇರಿದರೆ, ಮೊದಲು ಸ್ಟವ್ ಸಿಡಿಯಿತು ಎನ್ನುತ್ತಾರೆ, ಅದು ನಡೆಯದಿದ್ದರೆ "ಅವಳ ನಡತೆ ಸರಿಯಿರಲಿಲ್ಲ" ಎನ್ನುತ್ತಾರೆ. ಊರು ತಲೆಯಾಡಿಸುತ್ತದೆ, ಯಾಕೆಂದರೆ ಊರು ಆ ಶಬ್ದವನ್ನು ಮೊದಲೇ ಕೇಳಿದೆ. ಸಾವಿಗೆ ಮುಂಚೆಯೇ ಸಾಕ್ಷಿ ತಯಾರಾಗಿರುತ್ತದೆ. 2022ನೇ ಒಂದೇ ವರ್ಷದಲ್ಲಿ ದೇಶದಲ್ಲಿ ಆರು ಸಾವಿರಕ್ಕೂ ಹೆಚ್ಚು ವರದಕ್ಷಿಣೆ ಸಾವುಗಳು ಪೊಲೀಸ್ ದಾಖಲೆಗೆ ಬಂದವು. ಆ ಮನೆಗಳಲ್ಲಿ ಮೊದಲು ಎದ್ದದ್ದು ಕೈಯೋ ನಾಲಿಗೆಯೋ?

ಇನ್ನೂ ಒಂದು ಪ್ರಶ್ನೆ. ವರದಕ್ಷಿಣೆ ತೆಗೆದುಕೊಳ್ಳುವುದು 1961ರಿಂದಲೂ ಅಪರಾಧ. ಅರುವತ್ತು ವರ್ಷ ದಾಟಿತು. ಗಂಡ ಸತ್ತವಳಿಗೆ ಮೂರು ಬೈಗುಳ, ಹೆರದವಳಿಗೆ ಎರಡು, ಬಾಯಿ ಇದ್ದವಳಿಗೆ ಬಜಾರಿ, ಗಯ್ಯಾಳಿ, ಗಂಡುಬೀರಿ, ಬಾಯಿಬಡುಕಿ ಎಂದು ಸಾಲುಸಾಲು ಹೆಸರಿಟ್ಟ ಈ ಸಮಾಜ, ಹೆಂಡತಿಯ ಅಪ್ಪನಿಂದ ಬೈಕು, ಚಿನ್ನ, ಸೈಟು ವಸೂಲು ಮಾಡಿದವನಿಗೆ ಒಂದು ಬೈಗುಳ ಕೊಟ್ಟಿದೆಯೇ? ಹುಡುಕಿ. ಅವನಿಗೆ ಇರುವ ಶಬ್ದ ಅಳಿಯಂದಿರು, ಅದೂ ಬಹುವಚನದಲ್ಲಿ.

ಸೂಳೆ ಎಂಬ ಶಬ್ದದ ಕತೆಯೂ ಹೇಳಬೇಕಾದದ್ದೇ. ಹಳೆಯ ಶಾಸನಗಳಲ್ಲಿ ಅದು ದೇವಸ್ಥಾನದ ಸೇವೆಯಲ್ಲಿದ್ದ ಹೆಂಗಸಿನ ಉದ್ಯೋಗದ ಹೆಸರು. ಅವರಿಗೆ ಭೂಮಿ ಬಿಟ್ಟುಕೊಟ್ಟ, ಅವರೇ ದಾನ ಕೊಟ್ಟ ದಾಖಲೆಗಳಿವೆ. ಹನ್ನೆರಡನೆಯ ಶತಮಾನದ ಶರಣೆಯೊಬ್ಬಳನ್ನು ವಚನ ಸಾಹಿತ್ಯ ಸೂಳೆ ಸಂಕವ್ವೆ ಎಂದೇ ಕರೆಯುತ್ತದೆ, ಅವಳ ವಚನವನ್ನು ಉಳಿಸಿಕೊಂಡಿದೆ. ಚನ್ನಗಿರಿ ತಾಲ್ಲೂಕಿನ ದೊಡ್ಡ ಕೆರೆ ಜನರ ಬಾಯಲ್ಲಿ ಸೂಳೆಕೆರೆ. ಅದಕ್ಕೆ ಶಾಂತಿಸಾಗರ ಎಂಬ ಹೆಸರೂ ಇದೆ. ಆ ನೀರಿನಲ್ಲಿ ಗದ್ದೆ ಬೆಳೆಯುವುದಕ್ಕೆ ಯಾರಿಗೂ ನಾಚಿಕೆಯಿಲ್ಲ, ಹೆಸರಿಗೆ ಮಾತ್ರ ನಾಚಿಕೆ! ಭೂಮಿ ಹೋಯಿತು, ಕಲೆಗೆ ಇದ್ದ ಮರ್ಯಾದೆ ಹೋಯಿತು, ಮೈ ಮಾರಿ ಬದುಕುವ ಬಡತನ ಉಳಿಯಿತು. ದೇವರ ಹೆಸರಿನಲ್ಲಿ ಹುಡುಗಿಯರನ್ನು ಬಿಡುವುದನ್ನು ತಡೆಯಲು ನಮ್ಮ ರಾಜ್ಯ 1982ರಲ್ಲಿ ಕಾನೂನು ಮಾಡಬೇಕಾಯಿತು. ಶಬ್ದ ಹಾಗೇ ಇತ್ತು, ಅದರ ಕೆಳಗಿನ ನೆಲ ಕುಸಿಯಿತು. ಅವಳ ಮನೆಗೆ ಹೋಗುವವನಿಗೂ ಹೆಸರುಗಳಿವೆ, ಆದರೆ ನಿಘಂಟಿನಲ್ಲಿವೆ, ಬೀದಿಯಲ್ಲಿಲ್ಲ.

ಈ ಶಬ್ದ ಎಷ್ಟು ಮೇಲಿನವರೆಗೆ ತಲುಪಬಲ್ಲದು? 2024ರ ಡಿಸೆಂಬರ್ 19ರಂದು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ, ವಿಧಾನ ಪರಿಷತ್ತಿನೊಳಗೇ, ನಮ್ಮ ಚಿಕ್ಕಮಗಳೂರಿನಿಂದ ಹಲವು ಸಲ ಶಾಸಕರಾಗಿದ್ದ ಸದಸ್ಯ ಸಿ.ಟಿ. ರವಿ ತಮ್ಮನ್ನು ಇದೇ ಅರ್ಥದ ಇಂಗ್ಲಿಷ್ ಶಬ್ದದಿಂದ ಕರೆದರು ಎಂದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆ ಲಕ್ಷ್ಮಿ ಹೆಬ್ಬಾಳಕರ್ ದೂರಿದರು. ರವಿ ಅದನ್ನು ಅಲ್ಲಗಳೆದರು. ಬಂಧನವಾಯಿತು, ಮರುದಿನ ಹೈಕೋರ್ಟು ಬಿಡುಗಡೆಗೆ ಆದೇಶಿಸಿತು. ಆಡಿದರೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ, ನಮ್ಮದಲ್ಲ. ನಮಗೆ ಕಂಡದ್ದು ಬೇರೆ. ಟೀವಿಯಲ್ಲಿ ದಿನಗಟ್ಟಲೆ ಗಂಡಸರು ಕೂತು, ಆ ಶಬ್ದ ಬಾಯಿಂದ ಬಂತೇ ಇಲ್ಲವೇ ಎಂದು ಚರ್ಚಿಸಿದರು. ಮಂತ್ರಿಯೇ ಆಗಿದ್ದರೂ ಒಬ್ಬ ಹೆಂಗಸನ್ನು ಕುರ್ಚಿಯಿಂದ ಕೆಳಗೆ ಎಳೆಯಲು ಒಂದು ಶಬ್ದ ಸಾಕು ಎಂಬ ಸ್ಥಿತಿ ಯಾಕಿದೆ ಎಂಬುದು ಚರ್ಚೆಯ ವಿಷಯವೇ ಆಗಲಿಲ್ಲ. ಗಂಡಸು ಮಂತ್ರಿಯನ್ನು ಕಳ್ಳ ಎಂದು ಬೈಯಬಹುದು, ಅದಕ್ಕೆ ಅವನು ಲೆಕ್ಕಪತ್ರ ತೋರಿಸಬಹುದು. ಇದಕ್ಕೆ ಯಾವ ಲೆಕ್ಕಪತ್ರ ತೋರಿಸುವುದು? ಸುಪ್ರೀಂ ಕೋರ್ಟು 2023ರ ಆಗಸ್ಟಿನಲ್ಲಿ ಒಂದು ಕೈಪಿಡಿ ಹೊರಡಿಸಿ, ಸೂಳೆ, ಹಾದರಗಿತ್ತಿ, ಪತಿವ್ರತೆ ಎಂಬ ಅರ್ಥದ ಶಬ್ದಗಳನ್ನು ತೀರ್ಪುಗಳಲ್ಲಿ ಬಳಸಬೇಡಿ ಎಂದು ನ್ಯಾಯಾಧೀಶರಿಗೆ ತಿಳಿಸಿತು. ಅಂದರೆ ಅಲ್ಲಿಯವರೆಗೆ ಬಳಸುತ್ತಿದ್ದರು ಎಂದಾಯಿತು. 'ಪತಿವ್ರತೆ'ಯನ್ನೂ ಸೇರಿಸಿದ್ದು ಸರಿಯಾಗಿದೆ. ಆ ಹೊಗಳಿಕೆ ಇದ್ದಲ್ಲೇ ಈ ಬೈಗುಳವೂ ಇರುತ್ತದೆ.

ನಮ್ಮೊಳಗಿನ ಮಾತೂ ಆಡಬೇಕು. ಅಡಿಕೆ ಕೊಯ್ಲಿನ ದಿನಗಳಲ್ಲಿ ರಾತ್ರಿ ಮೆಟ್ಟುಗತ್ತಿ ಮುಂದಿಟ್ಟುಕೊಂಡು ಸುಲಿಯಲು ಕೂತಾಗ ನಮ್ಮ ನಾಲಿಗೆ ಅಡಿಕೆಗಿಂತ ಬೇಗ ಓಡುತ್ತದೆ. ಬುಟ್ಟಿಯ ಲೆಕ್ಕದಲ್ಲಿ ಒಂದು ಹೆಚ್ಚುಕಡಿಮೆಯಾದರೆ ಮುಂಡೆ, ರಂಡೆ ಎಲ್ಲ ಬರುತ್ತವೆ, ಅದರ ಹಿಂದೆಯೇ ಜಾತಿಯೂ ಬರುತ್ತದೆ. ದಲಿತ ಹೆಂಗಸಿಗೆ ಯಾವಾಗಲೂ ಎರಡು ಬೈಗುಳ ಒಟ್ಟಿಗೆ. ಹೆಂಗಸಾದದ್ದಕ್ಕೆ ಒಂದು, ಹುಟ್ಟಿದ ಕೇರಿಗೆ ಒಂದು. ಜಾತಿ ಬೈಗುಳವೂ ಹಾಗೇ ಕೆಲಸ ಮಾಡುತ್ತದೆ. ಶಬ್ದ ಕೇರಿಯ ಹೆಸರಷ್ಟೇ, ಅದರ ಹಿಂದೆ ಬಾವಿಯಿಂದ ದೂರ ನಿಲ್ಲಿಸಿದ, ಅಂಗಳದ ಆಚೆ ಅನ್ನ ಹಾಕಿದ ಚರಿತ್ರೆ ನಿಂತಿದೆ. ನಟ ಉಪೇಂದ್ರ 2023ರ ಆಗಸ್ಟಿನಲ್ಲಿ ಊರು ಮತ್ತು ಹೊಲಗೇರಿಯ ಹಳೆಯ ಗಾದೆಯೊಂದನ್ನು ಫೇಸ್‌ಬುಕ್ಕಿನಲ್ಲಿ ಆಡಿದರು. ಮೊಕದ್ದಮೆ ದಾಖಲಾಯಿತು, ಅವರು ಕ್ಷಮೆ ಕೇಳಿದರು, ಹೈಕೋರ್ಟು ತಡೆ ನೀಡಿತು. ಗಾದೆ ಅಷ್ಟೇ ಅಲ್ಲವೇ ಎಂದವರು ಬಹಳ ಮಂದಿ. ಬೈದದ್ದು ತಾನೇ ಎನ್ನುವವರ ಅಣ್ಣತಮ್ಮಂದಿರೇ ಅವರು. 1989ರ ದೌರ್ಜನ್ಯ ತಡೆ ಕಾಯ್ದೆ ಇರುವುದರಿಂದ ಹೊರಗೆ ನಾಲಿಗೆಗೆ ಸ್ವಲ್ಪ ಕಡಿವಾಣ ಬಿದ್ದಿದೆ. ಆದರೆ ಅದೂ ಬೈಗುಳ ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ನಡೆದಿರಬೇಕು ಎನ್ನುತ್ತದೆ. ಸಾಕ್ಷಿಗಳಿಲ್ಲದ ನಾಲ್ಕು ಗೋಡೆಗಳ ಒಳಗಿನದು ಇದಕ್ಕೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು. ಗೋಡೆಯ ಒಳಗೆ ಬೈಸಿಕೊಳ್ಳುವವರು ಯಾರು ಎಂದು ನಿಮಗೆ ಹೇಳಬೇಕಾಗಿಲ್ಲ.

ಇನ್ನು ನಮ್ಮನ್ನು ಎದುರಿಸುವವರ ಮಾತು. "ಇದು ಹಳ್ಳಿಯ ಭಾಷೆ, ಪೇಟೆಯವರ ಮಡಿ ನಮಗೆ ಬೇಡ. ನಾವು ಪ್ರೀತಿಯಿಂದಲೂ ಮುಂಡೇದೇ ಎನ್ನುತ್ತೇವೆ" ಎನ್ನುತ್ತಾರೆ. ಹೌದು, ಹೇಳುತ್ತಾರೆ, ಅಜ್ಜಿಯೊಬ್ಬಳು ಮೊಮ್ಮಗುವಿಗೆ ಹೇಳಿದರೆ ಯಾರೂ ಠಾಣೆಗೆ ಓಡುವುದಿಲ್ಲ. ಆದರೆ ಮನೆಯಲ್ಲಿ ನಿಜವಾಗಿ ಗಂಡ ಸತ್ತ ಮಗಳೊಬ್ಬಳು ಕೂತಿದ್ದರೆ ಅದೇ ಅಜ್ಜಿ ಆ ಶಬ್ದವನ್ನು ನುಂಗಿಕೊಳ್ಳುತ್ತಾಳೆ. ಶಬ್ದದ ಮುಳ್ಳು ಎಲ್ಲಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತು. ಮಡಿಯ ವಿಷಯಕ್ಕೆ ಬಂದರೆ, ನಮಗೆ ಯಾರ ಬಾಯಿಗೂ ಬೀಗ ಹಾಕುವ ಆಸೆಯಿಲ್ಲ. ಹೆಂಗಸರ ಬಾಯಿಗೆ ಬೀಗ ಹಾಕುವವರು ಬೇಕಾದಷ್ಟು ಜನ ಆಗಲೇ ಇದ್ದಾರೆ. ನಮ್ಮ ಜಿಲ್ಲೆಯ ಮೂಡಿಗೆರೆಯಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿ 'ಕಿರಗೂರಿನ ಗಯ್ಯಾಳಿಗಳು' ಬರೆದರು, 2016ರಲ್ಲಿ ಸುಮನಾ ಕಿತ್ತೂರು ಅದನ್ನು ಸಿನಿಮಾ ಮಾಡಿದರು. ಬೈಗುಳವೇ ಶೀರ್ಷಿಕೆ, ಗಯ್ಯಾಳಿಗಳೇ ಕತೆಯ ಮರ್ಯಾದೆ. ನಮ್ಮ ಸಂಘದವರನ್ನು ಯಾರಾದರೂ ಗಯ್ಯಾಳಿಗಳು ಎಂದರೆ ಹೌದು ಎಂದು ಒಪ್ಪಿಕೊಂಡು ಬಿಡಬಹುದು. ಅದು ನಾವು ಮಾಡುವ ಕೆಲಸಕ್ಕೆ ಇಟ್ಟ ಹೆಸರು, ಬಾಯಿ ತೆರೆದದ್ದಕ್ಕೆ ಬಂದ ಬಿರುದು. ಮುಂಡೆಯನ್ನು ಹಾಗೆ ಬಿರುದು ಮಾಡಿಕೊಳ್ಳಲು ಬರುವುದಿಲ್ಲ. ಅದು ಅವಳು ಮಾಡಿದ್ದಲ್ಲ, ಅವಳಿಗೆ ಮಾಡಿದ್ದು.

"ಅತ್ತೆಯೇ ಸೊಸೆಯನ್ನು ಬೈಯುತ್ತಾಳಲ್ಲ, ಹೆಂಗಸಿಗೆ ಹೆಂಗಸೇ ಶತ್ರು" ಎಂಬುದು ಇನ್ನೊಂದು. ಅತ್ತೆ ಬೈಯುತ್ತಾಳೆ, ನಿಜ. ಆ ಬೈಗುಳವನ್ನು ಅವಳು ತಾನು ಸೊಸೆಯಾಗಿದ್ದಾಗ ತಿಂದು ಕಲಿತದ್ದು. ಮನೆಯಲ್ಲಿ ಅವಳಿಗಿರುವ ಅಧಿಕಾರ ಮಗನ ಹೆಸರಿನದು, ಅವಳು ಬಳಸುವ ಶಬ್ದವೂ ಆ ಮನೆಯ ಗಂಡಸರ ಲೆಕ್ಕದ್ದೇ. ಇದು ಕಾರಣವೇ ಹೊರತು ಮಾಫಿ ಅಲ್ಲ. ಕಾನೂನಿನಲ್ಲೂ ಅತ್ತೆಗೆ ವಿನಾಯಿತಿ ಇಲ್ಲ.

ಕಾನೂನಿನ ಮಾತು ಬಂದಿತಲ್ಲ, ಇದನ್ನು ಗಮನವಿಟ್ಟು ಓದಿ. ನಮ್ಮ ದೂರು ಅರ್ಜಿಗಳಲ್ಲಿ ಯಾವಾಗಲೂ ಒಂದು ಸಾಲು ಇರುತ್ತದೆ: "ಅವಾಚ್ಯ ಶಬ್ದಗಳಿಂದ ನಿಂದಿಸಿ". ಅರ್ಜಿ ಬರೆಯುವವರಿಗೆ ಅದು ಅ ಆ ಇ ಈ ಇದ್ದ ಹಾಗೆ. ಅವಾಚ್ಯ ಎಂದರೆ ಹೇಳಬಾರದ್ದು. ಅವನು ಹೇಳಬಹುದು, ಅವಳು ಕೇಳಬಹುದು, ಕಾಗದ ಮಾತ್ರ ಹೇಳಬಾರದು! ಇದರಿಂದ ನಷ್ಟ ಯಾರಿಗೆ? ತಮಿಳುನಾಡಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2022ರಲ್ಲಿ, ಬೈಗುಳವಾದ ಮಾತ್ರಕ್ಕೆ ಅದು ದಂಡಸಂಹಿತೆಯ 294ನೇ ಕಲಮಿನ ಅಶ್ಲೀಲ ಅಪರಾಧವಾಗುವುದಿಲ್ಲ, ಕಾಮ ಕೆರಳಿಸುವ ಅಂಶ ಇರಬೇಕು ಎಂದಿತು. ಜೊತೆಗೆ, ಆರೋಪಿ ಆಡಿದ ಶಬ್ದ ಯಾವುದು ಎಂದು ದಾಖಲೆಯಲ್ಲಿ ಎಲ್ಲೂ ಇಲ್ಲ ಎಂದಿತು. ಕೇಳಿದವರಿಗೆ ಕಾಮ ಕೆರಳಿತೇ ಎಂದು ನೋಡುವ ಕಲಮು, ಬೈಸಿಕೊಂಡವಳ ಎದೆ ಒಡೆಯಿತೇ ಎಂದು ಕೇಳುವುದಿಲ್ಲ. ನಮ್ಮ ದಾರಿ ಅದಲ್ಲ.

ನಮ್ಮ ದಾರಿ 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆ ಕಾಯ್ದೆ, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವುದು. ಅದರ 3ನೇ ಕಲಮು ಮಾತಿನ ಹಿಂಸೆಯನ್ನು ಹೊಡೆತದ ಜೊತೆಯಲ್ಲೇ ಕೂರಿಸಿದೆ. ಹೀಯಾಳಿಕೆ, ಅವಮಾನ, ಹೆಸರಿಟ್ಟು ಕರೆಯುವುದು, ಅದರಲ್ಲೂ ಮಗುವಾಗಿಲ್ಲ, ಗಂಡುಮಗುವಾಗಿಲ್ಲ ಎಂದು ಹಂಗಿಸುವುದು ಎಲ್ಲವೂ ಕೌಟುಂಬಿಕ ದೌರ್ಜನ್ಯ. ಈ ಕಾಯ್ದೆಯಡಿ ಭರ್ತಿ ಮಾಡುವ ಕೌಟುಂಬಿಕ ಘಟನಾ ವರದಿಯ ನಮೂನೆಯಲ್ಲಿ ನಡತೆಯ ಮೇಲೆ ಅಪವಾದ, ವರದಕ್ಷಿಣೆ ತರಲಿಲ್ಲವೆಂದು ಅವಮಾನ, ಮಗುವಾಗಿಲ್ಲವೆಂದು ಅವಮಾನ ಎಂದು ಬೇರೆಬೇರೆ ಸಾಲುಗಳೇ ಇವೆ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ರಕ್ಷಣಾಧಿಕಾರಿ. ಅಂಗನವಾಡಿಯ ಕೆಲಸದಿಂದ ನಿಮಗೆ ಅವರ ಕಚೇರಿ ಗೊತ್ತಿರುವುದೇ. 181 ಸಹಾಯವಾಣಿಗೂ ಫೋನ್ ಮಾಡಬಹುದು. ಕಿರುಕುಳ ಕ್ರೌರ್ಯದ ಮಟ್ಟ ಮುಟ್ಟಿದರೆ ಹಿಂದಿನ 498ಎ ಕಲಮಿನ ಜಾಗದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಿವೆ. ಮನಸ್ಸಿಗೆ ಮಾಡಿದ ಹಾನಿಯೂ ಅದರಲ್ಲಿ ಸೇರುತ್ತದೆ.

ಅಡ್ಡಗದ್ದೆಯಂಥ ಊರುಗಳಲ್ಲಿ ಒಂದು ಕಷ್ಟ ಹೆಚ್ಚಿಗೆ ಇದೆ. ಬಯಲುಸೀಮೆಯಂತೆ ಇಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳಿಲ್ಲ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ತೋಟ, ಹಳ್ಳ, ಕಾಡು. ಮಳೆಗಾಲದ ಸದ್ದಿನಲ್ಲಿ ಕೂಗಿದರೂ ಕೇಳದು. ಬೈದದ್ದಕ್ಕೆ ಸಾಕ್ಷಿ ಎಲ್ಲಿ ಎಂದು ಕೇಳಿದರೆ ತೋರಿಸಲು ಯಾರೂ ಇಲ್ಲ. ಆದ್ದರಿಂದ ಬರೆದಿಡಬೇಕು. ಯಾವ ದಿನ, ಎಷ್ಟು ಹೊತ್ತಿಗೆ, ಯಾರು, ಯಾವ ಕಾರಣಕ್ಕೆ, ಯಾವ ಶಬ್ದ. ಶಬ್ದವನ್ನು ಅವನ ಬಾಯಿಂದ ಬಂದ ಹಾಗೆಯೇ ಬರೆಯಿರಿ, ಸ್ವಚ್ಛ ಮಾಡಬೇಡಿ. ನಮ್ಮ ಮನೆಗಳಲ್ಲಿ ಪುಸ್ತಕ ಬಚ್ಚಿಡುವುದು ಕಷ್ಟವಾದರೆ ಸಂಘದ ವಾರದ ಸಭೆಯಲ್ಲಿ ಗೆಳತಿಗೆ ಹೇಳಿ ಬರೆಸಿ. ಉಳಿತಾಯದ ಲೆಕ್ಕ ಒಂದು ರೂಪಾಯಿ ತಪ್ಪದಂತೆ ಬರೆಯುವ ಕೈಗೆ ಇದೇನು ದೊಡ್ಡದಲ್ಲ.

ಆ ಸಭೆಯ ಬಗ್ಗೆಯೇ ಕೊನೆಗೊಂದು ಮಾತು. ಸಂಘದ ವಾರ್ಷಿಕೋತ್ಸವದಲ್ಲಿ ಅರಿಶಿನ ಕುಂಕುಮದ ತಟ್ಟೆ ಸಾಲಿನಲ್ಲಿ ಬರುತ್ತದೆ. ಒಬ್ಬಳ ಹತ್ತಿರ ಬಂದಾಗ ತಟ್ಟೆ ಹಿಡಿದವಳ ಕೈ ಒಂದು ಕ್ಷಣ ತಡೆದು, ಅವಳನ್ನು ದಾಟಿ ಪಕ್ಕದವಳಿಗೆ ಹೋಗುತ್ತದೆ. ಯಾರೂ ಬಾಯಿ ತೆರೆದಿಲ್ಲ, ಯಾರೂ ಬೈದಿಲ್ಲ. ಆದರೂ ಆ ಎರಡಕ್ಷರದ ಶಬ್ದವನ್ನು ಸಾಲಿನಲ್ಲಿ ಕೂತ ಎಲ್ಲರೂ ಕೇಳಿದ್ದೇವೆ. ಸಾಲ ಕೊಡುವಾಗ ಅವಳ ಸಹಿ ನಡೆಯುತ್ತದೆ, ಕಂತು ಕಟ್ಟುವಾಗ ಅವಳ ದುಡ್ಡು ನಡೆಯುತ್ತದೆ, ಹಣೆ ನಡೆಯುವುದಿಲ್ಲವೇ? ನಮ್ಮ ಗಡಿಯಾಚೆಯ ಕೊಲ್ಹಾಪುರ ಜಿಲ್ಲೆಯ ಹೇರವಾಡ ಎಂಬ ಹಳ್ಳಿಯವರು 2022ರ ಮೇ ತಿಂಗಳಲ್ಲಿ ಗ್ರಾಮಸಭೆ ಸೇರಿ, ಗಂಡ ಸತ್ತಾಗ ಹೆಂಗಸಿನ ಬಳೆ ಒಡೆಯುವುದು, ಕುಂಕುಮ ಅಳಿಸುವುದು, ತಾಳಿ ಕಾಲುಂಗುರ ತೆಗೆಸುವುದು ನಮ್ಮ ಊರಲ್ಲಿ ಇನ್ನು ಇಲ್ಲ ಎಂದು ನಿರ್ಣಯ ಮಾಡಿದರು. ಎರಡು ವಾರದೊಳಗೆ ಮಹಾರಾಷ್ಟ್ರ ಸರಕಾರ ಉಳಿದ ಪಂಚಾಯ್ತಿಗಳಿಗೂ ಇದನ್ನು ಮಾದರಿಯಾಗಿ ಇಟ್ಟುಕೊಳ್ಳಿ ಎಂದು ಸುತ್ತೋಲೆ ಕಳಿಸಿತು. ಹೇರವಾಡ ಒಂದು ಹಳ್ಳಿ, ಅಡ್ಡಗದ್ದೆಯೂ ಒಂದು ಹಳ್ಳಿ. ಮುಂದಿನ ಗ್ರಾಮಸಭೆಗೆ ರಸ್ತೆ, ಕುಡಿಯುವ ನೀರು, ಕಾಲುಸಂಕದ ಅರ್ಜಿಗಳನ್ನು ಬರೆಯುವಾಗ ಇದನ್ನೂ ಒಂದು ಅರ್ಜಿಯಾಗಿ ಬರೆಯಿರಿ. ಅದಕ್ಕೂ ಮೊದಲು, ಈ ಸಲದ ವಾರ್ಷಿಕೋತ್ಸವದಲ್ಲಿ ತಟ್ಟೆ ಯಾರ ಕೈಯಲ್ಲಿರಬೇಕು ಎಂದು ಸಂಘದ ಸಭೆಯಲ್ಲೇ ತೀರ್ಮಾನಿಸಿ, ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ.